ಕರಿಸಿದ್ದಪ್ಪನವರ ತೀರ್ಮಾನಯಂತ್ರ

“ಮುಂದೂಡೋದು ಅನ್ನೋ ಮಾತು ಈ ಊರಲ್ಲಿ ಇವತ್ತಿಗೆ ಮುಗೀತು!” ಎಂದು ಘೋಷಿಸಿ ಕರಿಸಿದ್ದಪ್ಪನವರು ಬೆಡ್‌ಶೀಟು ಎಳೆದರು. ಅದರ ತುದಿ ಎಲ್ಲೋ ಒಂದು ಹಿಡಿಕೆಗೆ ಸಿಕ್ಕಿಕೊಂಡಿತ್ತು. ಮತ್ತೆ ಎಳೆದರು. ಮೂರನೇ ಸಲಕ್ಕೆ, ಹರಿದುಕೊಂಡು, ಬಂತು.

ಕೆಂಚನಕೋಟೆ ನಗರಸಭೆಯ ಸಭಾಂಗಣದಲ್ಲಿ, ಅಧ್ಯಕ್ಷರ ಮೇಜಿನ ಪಕ್ಕ, ಬೀರುವಿನಷ್ಟು ಎತ್ತರದ ತೀರ್ಮಾನಯಂತ್ರ ನಿಂತಿತ್ತು. ಹೊಟ್ಟೆ ಹಳೇ ಪಂಪಿನ ಸ್ಟಾರ್ಟರಿನದು, ಮುಖ ಅಕ್ಕಿ ತೂಗುವ ಯಂತ್ರದ್ದು, ಬಾಯಿ ನಗರಸಭೆಯೇ ಗುಜರಿಗೆ ಹಾಕಿದ್ದ ಸೈರನ್ನಿನದು. ಎದೆಯ ಮೇಲೆ ಊರಿನ ನಕ್ಷೆ, ಅದರ ತುಂಬ ಪುಟಾಣಿ ಬಲ್ಬುಗಳು. ಹಿಂದಿನಿಂದ ಹೊರಟ ವೈರುಗಳು ಸದಸ್ಯರ ಕುರ್ಚಿಗಳ ಕೆಳಗೆ ನುಸುಳಿ ಮಾಯವಾಗಿದ್ದವು.

ಕರಿಸಿದ್ದಪ್ಪನವರು ನಗರಸಭೆಯ ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿದ್ದವರು. ಇಪ್ಪತ್ತು ವರ್ಷದಿಂದ ನಮ್ಮ ಪಕ್ಕದ ಮನೆಯವರು. ನಿವೃತ್ತರಾದ ಮೇಲೆ ಅವರು ಮಾಡಿದ ಯಂತ್ರಗಳಲ್ಲಿ ಇದು ಒಂಬತ್ತನೆಯದು. ಎಂಟನೆಯದು ಹಪ್ಪಳ ಒಣಗಿಸುವ ಯಂತ್ರ. ಅದು ನಮ್ಮ ತಾರಸಿಯ ಮೇಲಿನ ಹಪ್ಪಳಗಳನ್ನು ಬಸ್‌ಸ್ಟ್ಯಾಂಡಿನವರೆಗೂ ಒಣಗಿಸಿತ್ತು.

“ಮನಸ್ಸಿಗೆ ಒಪ್ಪಿದ್ರೆ ಮನುಷ್ಯ ಮುಂದಕ್ಕೆ ಬಾಗ್ತಾನೆ, ಒಪ್ಪದಿದ್ರೆ ಹಿಂದಕ್ಕೆ ಒರಗ್ತಾನೆ,” ಎಂದು ಅವರು ವಿವರಿಸಿದರು. “ಬಾಯಿ ಸುಳ್ಳು ಹೇಳ್ಬಹುದು, ಸೊಂಟ ಹೇಳಲ್ಲ! ಕುರ್ಚಿ ತೂಗುತ್ತೆ, ಯಂತ್ರ ತೀರ್ಮಾನ ಕೊಡುತ್ತೆ, ಅರ್ಧ ನಿಮಿಷದಲ್ಲಿ ಜಾರಿ! ಪಂಪ್‌ಹೌಸು, ಬೀದಿದೀಪ, ಕಸದ ಆಟೋ, ಜೆಸಿಬಿ, ಎಲ್ಲಕ್ಕೂ ಕನೆಕ್ಷನ್ ಕೊಟ್ಟಿದೀನಿ.”

“ಬಾಗಿಲಿಗೂ ಏನೋ ಸಿಕ್ಸಿದೀರಲ್ಲ?” ಎಂದರು ಮ್ಯಾನೇಜರ್ ಹನೀಫ್ ಸಾಹೇಬರು. ಕೆಂಚನಕೋಟೆಯ ಕಡತಗಳೆಲ್ಲ ಅವರ ಕೈಯಲ್ಲೇ ಬೆಳ್ಳಗಾಗಿದ್ದವು, ಅವರ ಗಡ್ಡದ ಜೊತೆಗೆ.

“ಎಲ್ಲಾ ವಿಷಯ ಮುಗಿಯೋವರೆಗೂ ಬಾಗಿಲು ತೆಗಿಯಲ್ಲ ಸಾಹೇಬ್ರೆ. ಒಳಗಿನೋರು ಹೊರಗೆ ಹೋಗಂಗಿಲ್ಲ, ಹೊರಗಿನೋರು ಒಳಗೆ ಬರಂಗಿಲ್ಲ!”

ಬಾಗಿಲು ‘ಖಟ್’ ಎಂದಿತು. ನನ್ನ ಎದೆಯೂ.

ಕಾರಣ ಹೇಳಬೇಕು. ನಾನು ಸಂತೆಪೇಟೆಯ ನಗರಸಭಾ ವಾಚನಾಲಯವನ್ನು ನೋಡಿಕೊಳ್ಳುವವಳು. ಹೆಂಚಿನ ಕಟ್ಟಡ, ಆರು ಬೆಂಚು, ಮೂರು ಫ್ಯಾನು, ಎರಡು ತಿರುಗುತ್ತವೆ. ಬೆಳಿಗ್ಗೆ ಪೇಪರಿಗೆ ಜಗಳವಾಡುವ ಹಿರಿಯರು, ಮಧ್ಯಾಹ್ನ ಪರೀಕ್ಷೆಗೆ ಓದುವ ಹುಡುಗಿಯರು, ಸಂಜೆ ಫ್ಯಾನಿನಡಿ ಕಣ್ಣು ಮುಚ್ಚಿ ಓದುವವರು. ಅದನ್ನು ಕೆಡವಿ ಅಂಗಡಿ ಮಳಿಗೆ ಕಟ್ಟಬೇಕೆಂಬ ವಿಷಯ ಹನ್ನೊಂದು ವರ್ಷದಿಂದ ಪ್ರತಿ ಸಭೆಯ ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಹನ್ನೊಂದು ವರ್ಷದಿಂದಲೂ, ಅದನ್ನು ಓದುವ ಹೊತ್ತಿಗೆ ಸರಿಯಾಗಿ ಅಡಿಗರ ಹೋಟೆಲಿನಿಂದ ಮೆಣಸಿನಕಾಯಿ ಬಜ್ಜಿ ಬರುತ್ತದೆ. ಬಜ್ಜಿ ಕಂಡೊಡನೆ ಯಾರಾದರೂ “ಇದನ್ನ ಮುಂದಿನ ಸಭೆಗೆ ಇಡೋಣ” ಎನ್ನುತ್ತಾರೆ, ಎಲ್ಲರೂ ಮೇಜು ತಟ್ಟುತ್ತಾರೆ, ಸಭೆ ಮುಗಿಯುತ್ತದೆ.

ಬಜ್ಜಿ ಅಷ್ಟು ಕರಾರುವಾಕ್ಕಾಗಿ ಹೇಗೆ ಬರುತ್ತದೆ ಎಂದು ಯಾರೂ ಕೇಳಿಲ್ಲ. ಅಡಿಗರಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಅವರು ಪುಸ್ತಕವನ್ನು ಆರು ತಿಂಗಳು ಇಟ್ಟುಕೊಂಡರೂ ನಾನು ಕೇಳುವುದಿಲ್ಲ. ನಾನು ಸಾರ್ವಜನಿಕರ ಬೆಂಚಿನಿಂದ, ಅವರ ಹೋಟೆಲಿನತ್ತ ತೆರೆಯುವ ಹಿಂದಿನ ಕಿಟಕಿಗೆ ಕರವಸ್ತ್ರ ಹಾಕಿದೊಡನೆ ಅವರು ಬಾಣಲೆ ಇಳಿಸುತ್ತಾರೆ. ನಮ್ಮ ನಡುವೆ ಇರುವುದು ಅಷ್ಟೇ.

ಈಗ ಬಾಗಿಲೇ ಬಂದ್! ಮೊದಲ ಸಾಲಿನಲ್ಲಿ ಕೂತಿದ್ದ ಸದಸ್ಯ ತಿಮ್ಮರಾಯಿ ನನ್ನ ಕಡೆ ತಿರುಗಿ ನಕ್ಕರು. ಮಳಿಗೆಯ ಕನಸು ಅವರದು. “ಮೇಡಂ, ಪುಸ್ತಕ ಕಟ್ಟಿಟ್ಟಿದೀರಾ? ಜೆಸಿಬಿ ಆಗ್ಲೇ ಸಂತೆಪೇಟೇಲಿ ನಿಂತಿದೆ.”

ಹೊಟ್ಟೆ ಉರಿಯುವ ಇನ್ನೊಂದು ಸಂಗತಿಯಿತ್ತು. ಸಭೆ ಎಂದರೇನೆಂದು ಯಂತ್ರ ಕಲಿಯಬೇಕು ಎಂದು ಕರಿಸಿದ್ದಪ್ಪನವರು ಕೇಳಿದಾಗ, ವಾಚನಾಲಯದ ಅಟ್ಟದಲ್ಲಿದ್ದ ಹಳೆಯ ಮೂವತ್ತೆಂಟು ನಡಾವಳಿ ಪುಸ್ತಕಗಳನ್ನು ಕೊಟ್ಟವಳು ನಾನೇ. ಅವರು ಅಷ್ಟನ್ನೂ ಯಂತ್ರಕ್ಕೆ ಓದಿಸಿದ್ದರು. ನಮ್ಮಲ್ಲಿ ಆ ಪುಸ್ತಕಗಳನ್ನು ಪೂರ್ತಿ ಓದಿದ್ದು ಅದೊಂದೇ.

ಅಧ್ಯಕ್ಷೆ ಪುಟ್ಟಗೌರಮ್ಮನವರು ಮೊದಲ ವಿಷಯ ಓದಿದರು. ಒಂಬತ್ತನೇ ವಾರ್ಡಿನ ಬೀದಿದೀಪ, ಎಂಟು ತಿಂಗಳಿಂದ ಹೊತ್ತಿಲ್ಲ. ಸದಸ್ಯರು ಬಾಗಿದರು. ಯಂತ್ರದ ಮುಖದ ಮುಳ್ಳು ಬಲಕ್ಕೆ ಹಾರಿತು.

“ಆಯ್ತು! ಜಾರಿ!” ಎಂದು ಸೈರನ್ನು ಕರಿಸಿದ್ದಪ್ಪನವರದೇ ದನಿಯಲ್ಲಿ ಕೂಗಿತು. ನಕ್ಷೆಯ ಮೇಲೆ ಒಂಬತ್ತನೇ ವಾರ್ಡು ಮಿನುಗಿತು!

“ಅಬ್ಬಬ್ಬಾ! ಎಲ್ಲಿ, ಎಲ್ಲಿ?” ಎಂದು ಹದಿನಾಲ್ಕೂ ಸದಸ್ಯರು ನಕ್ಷೆ ನೋಡಲು ಇನ್ನಷ್ಟು ಬಾಗಿದರು.

“ಆಯ್ತು! ಜಾರಿ! ಆಯ್ತು! ಜಾರಿ!”

ಹತ್ತನೇ ವಾರ್ಡು ಹೊತ್ತಿತು, ಹನ್ನೊಂದು ಹೊತ್ತಿತು, ಕೊನೆಗೆ ಕಂಬ ಮಾತ್ರ ಇದ್ದು ಬಲ್ಬೇ ಇಲ್ಲದ ಬಡಾವಣೆಯೂ ಹೊತ್ತಿತು. ಬೆಳಿಗ್ಗೆ ಹನ್ನೊಂದೂವರೆಯ ಬಿಸಿಲಿನಲ್ಲಿ ಕೆಂಚನಕೋಟೆ ಮದುವೆಮನೆಯ ಹಾಗೆ ಝಗಮಗಿಸಿತು.

“ಬಾಗ್ಬೇಡ್ರಿ!” ಎಂದು ಕರಿಸಿದ್ದಪ್ಪನವರು ಬೇಡಿಕೊಂಡರು.

ಆದರೆ ಎರಡನೇ ವಿಷಯ ನೀರು. ನೀರಿನ ವಿಷಯಕ್ಕೆ ಬಾಗದೆ ಕೂರುವ ಸದಸ್ಯ ಈ ರಾಜ್ಯದಲ್ಲೇ ಹುಟ್ಟಿಲ್ಲ. “ನಮ್ಮ ವಾರ್ಡಿಗೆ ಮೊದ್ಲು!” ಎಂದು ಹದಿನಾಲ್ಕು ತೋರುಬೆರಳುಗಳು ಒಟ್ಟಿಗೆ ಮುಂದೆ ಬಂದವು. ಯಂತ್ರ ಯಾರಿಗೂ ಬೇಸರ ಮಾಡಲಿಲ್ಲ. ಊರಿನ ಅಷ್ಟೂ ವಾಲ್ವುಗಳನ್ನು ತೆರೆಯಿತು. ಉದ್ಘಾಟನೆಯ ದಿನ ಬಿಟ್ಟರೆ ಎಂದೂ ಚಿಮ್ಮದ ನಗರಸಭೆಯ ಕಾರಂಜಿ ಎರಡಾಳೆತ್ತರ ಚಿಮ್ಮಿ, ಗಾಜು ಇಳಿಸಿದ್ದ ಅಧ್ಯಕ್ಷರ ಕಾರಿನೊಳಗೆ ಬೀಳತೊಡಗಿತು.

ತಿಮ್ಮರಾಯಿಯವರ ಫೋನು ಹೊಡೆದುಕೊಂಡಿತು. ಅವರ ಹೆಂಡತಿಯ ದನಿ ಸಭೆಗೆಲ್ಲ ಕೇಳಿಸಿತು. “ರೀ! ಸಿಂಕಿಂದ ನೀರು ಸೂರಿಗೆ ಹಾರ್ತಿದೆ! ವಾರದಿಂದ ಒಂದು ತೊಟ್ಟು ಕಾಣಿಸ್ದೆ, ಇವತ್ತು ನಾನು ಹಾಸಿಗೆ ಒಣಗಾಕಿರೋವಾಗ್ಲೇ ಬಿಡ್ಬೇಕಿತ್ತಾ? ಏನ್ ಸಭೆ ಮಾಡ್ತೀರೋ, ಏನ್ ಕಡೀತೀರೋ!”

“ಇಡೇ, ಇಡೇ, ಸಭೇಲಿದೀನಿ!”

ಮೂರನೇ ವಿಷಯ ಕಸ. ತಿಮ್ಮರಾಯಿಯವರು ಎದ್ದೇ ನಿಂತು, ಮೇಜಿನ ಮೇಲೆ ಪೂರಾ ಬಾಗಿ, “ನಮ್ಮ ಬೀದಿಗೆ ಕಸದ ಆಟೋ ಬಂದು ಹದಿನೈದು ದಿನ ಆಯ್ತು!” ಎಂದು ಗುಡುಗಿದರು. ಅಷ್ಟು ಬಲವಾದ ಒಪ್ಪಿಗೆಯನ್ನು ಯಂತ್ರ ಅದುವರೆಗೆ ತೂಗಿರಲಿಲ್ಲ. ಎರಡು ನಿಮಿಷದಲ್ಲಿ ಮತ್ತೆ ಫೋನು.

“ರೀ! ಹನ್ನೆರಡು ಕಸದ ಆಟೋ ಮನೆ ಮುಂದೆ ಸಾಲಾಗಿ ನಿಂತವೆ! ಹನ್ನೆರಡೂ ಹಾಡು ಹಾಕ್ಕೊಂಡವೆ! ಹಾಕಕ್ಕೆ ಕಸ ಇಲ್ಲ, ಏನ್ ಕೊಟ್ಟು ಕಳಿಸ್ಲಿ? ನಿಮ್ಮನ್ನೇ ಕೊಡ್ಲಾ?”

“ನಿಲ್ಲಿಸ್ರೀ ಇದನ್ನ!” ಎಂದು ಪುಟ್ಟಗೌರಮ್ಮನವರು ಕೂಗಿದರು. “ಸ್ವಿಚ್ಚೆಲ್ಲಿ?”

“ನಿಲ್ಸೋ ಸ್ವಿಚ್ಚು ಇಟ್ಟಿಲ್ಲ ಮೇಡಂ.”

“ಯಾಕ್ರೀ ಇಟ್ಟಿಲ್ಲ?”

“ಇಟ್ಟಿದ್ರೆ ನಿಲ್ಲಿಸ್ಬಿಡ್ತಿದ್ರಿ, ಅದಕ್ಕೆ!”

“ಹಂಗಾದ್ರೆ ಕೊನೇ ವಿಷಯಾನೂ ಬೇಗ ಮುಗ್ಸಿ, ಬಾಗಿಲಾದ್ರೂ ತೆಗೀಲಿ,” ಎಂದರು ಹನೀಫ್ ಸಾಹೇಬರು. ಹೇಳಿ, ನನ್ನನ್ನು ನೋಡಿ, ತಲೆ ತಗ್ಗಿಸಿದರು. ಅವರೂ ನಮ್ಮ ವಾಚನಾಲಯದಲ್ಲೇ ಓದಿ ನೌಕರಿ ಹಿಡಿದವರು.

ಪುಟ್ಟಗೌರಮ್ಮನವರು ಓದಿದರು. “ಸಂತೆಪೇಟೆ ವಾಚನಾಲಯದ ಕಟ್ಟಡವನ್ನು ಕೆಡವುವ ಬಗ್ಗೆ.”

ನಕ್ಷೆಯ ಮೇಲೆ ಸಂತೆಪೇಟೆಯಲ್ಲಿ ಒಂದು ಹಳದಿ ಬಲ್ಬು ಹೊತ್ತಿತು. ಜೆಸಿಬಿ ತಯಾರು. ತಿಮ್ಮರಾಯಿ ಬಾಗಿದರು. ಮನೆಗೆ ಹೋದರೆ ಸಾಕೆಂಬ ಆತುರದಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಬಾಗತೊಡಗಿದರು. ಮುಳ್ಳು ಬಲಕ್ಕೆ ತೆವಳಿತು.

ನಾನು ಕರವಸ್ತ್ರವನ್ನಲ್ಲ, ಅರ್ಧ ಸೆರಗನ್ನೇ ಹಿಂದಿನ ಕಿಟಕಿಯ ಸರಳಿನಾಚೆ ಹಾಕಿ ಬೀಸಿದೆ. “ಅಡಿಗರೇ! ಬಾಗಿಲು ಬಂದ್! ಕಿಟಕಿಗೆ ತನ್ನಿ!”

“ತಂದೆ, ತಂದೆ! ಆ ಪುಸ್ತಕದಲ್ಲಿ ಕೊಲೆ ಮಾಡಿದ್ದು ಯಾರು ಅಂತ ಮಾತ್ರ ಹೇಳ್ಬೇಡಿ, ಇನ್ನೂ ಇಪ್ಪತ್ತು ಪುಟ ಉಂಟು!” ಎನ್ನುತ್ತ ಅಡಿಗರು ಬಾಣಲೆಯಿಂದ ನೇರ ಎತ್ತಿದ ಬಜ್ಜಿಯ ತಟ್ಟೆಯನ್ನು ಕಿಟಕಿಗೆ ಹಿಡಿದರು. ನಾನು ಕಡತವೊಂದನ್ನು ತೆಗೆದುಕೊಂಡು ಬೀಸಿದೆ.

ಓಂಕಾಳಿನ ಘಮ ಹಿಂದಿನ ಸಾಲು ದಾಟಿತು, ಮುಂದಿನ ಸಾಲು ಮುಟ್ಟಿತು. ಹದಿನಾಲ್ಕು ಮೂಗುಗಳು ಅರಳಿದವು. ಹದಿಮೂರು ಬೆನ್ನುಗಳು ಕುರ್ಚಿಗೆ ಒರಗಿ ಹಿಂದಕ್ಕೆ ವಾಲಿದವು.

“ಬೇಡ!” ಎಂದಿತು ಯಂತ್ರ.

“ಏಯ್, ಮುಂದೆ ಬಗ್ಗ್ರಯ್ಯ!” ಎಂದು ತಿಮ್ಮರಾಯಿ ಕೂಗಿದರು. ಎಲ್ಲರೂ ಬಾಗಿದರು. ನಾನು ಇನ್ನೊಂದು ಸಲ ಬೀಸಿದೆ. ವಾಲಿದರು. ತಿಮ್ಮರಾಯಿಯವರೂ ವಾಲಿದರು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ.

“ಆಯ್ತು! ಬೇಡ! ಆಯ್ತು! ಬೇಡ!” ಮುಳ್ಳು ಗಡಿಯಾರದ ಲೋಲಕದಂತೆ ತೂಗಿ, ಹೊಟ್ಟೆಯಿಂದ ಹೊಗೆ ಬಂದು, ಮಧ್ಯದಲ್ಲಿ ನಿಂತುಬಿಟ್ಟಿತು.  ಒಳಗೆ ಪುಟ ತಿರುವುವ ಸದ್ದು. ಹಿಂದಿನವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ಅದು ನಡಾವಳಿ ಪುಸ್ತಕಗಳನ್ನು ಹುಡುಕುತ್ತಿತ್ತು. ಮೂವತ್ತೆಂಟೂ ಪುಸ್ತಕಗಳಲ್ಲಿ ಅದಕ್ಕೆ ಒಂದೇ ಉತ್ತರ ಸಿಕ್ಕಿತು.

“ಸುದೀರ್ಘವಾಗಿ ಚರ್ಚಿಸಿ, ಮುಂದಿನ ಸಭೆಗೆ ಮುಂದೂಡಲಾಯಿತು! ಜಾರಿ!”

ಹಳದಿ ಬಲ್ಬು ಆರಿತು. ನಾನು ಬೆಂಚಿನ ಮೇಲೆ ಕೂತು, ಕೈಗೆ ಸಿಕ್ಕ ಬಜ್ಜಿಯನ್ನು ಕಚ್ಚಿದೆ.

ಯಂತ್ರಕ್ಕೆ ಆ ಮಾತಿನ ರುಚಿ ಹತ್ತಿತ್ತು. ಬೀದಿದೀಪ, ಮುಂದೂಡಲಾಯಿತು! ಆರಿದವು. ನೀರು, ಮುಂದೂಡಲಾಯಿತು! ಕಾರಂಜಿ ಅರ್ಧಕ್ಕೇ ಬಿತ್ತು. ಆಟೋಗಳು ಹಾಡು ನಿಲ್ಲಿಸಿ ಚದುರಿದವು. ಊರಿನ ಹನ್ನೆರಡು ಗಂಟೆಯ ಸೈರನ್ ಕೂಗಲೇ ಇಲ್ಲ, ಅದೂ ಮುಂದಿನ ಸಭೆಗೆ. ಕೊನೆಗೆ ಗೋಡೆಯ ಮೇಲಿದ್ದ ತಾರೀಖಿನ ಗಡಿಯಾರ ಗಿರಗಿರ ತಿರುಗಿ, ಮುಂದಿನ ತಿಂಗಳ ಸಭೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಬಂದು ನಿಂತಿತು. ಬಾಗಿಲು ತೆರೆಯಿತು. ಎಲ್ಲರೂ ಬಜ್ಜಿಯ ಕಡೆ ಓಡಿದರು.

ಕರಿಸಿದ್ದಪ್ಪನವರು ಮಾತ್ರ ಹರಿದ ಬೆಡ್‌ಶೀಟು ಹಿಡಿದುಕೊಂಡು ನಿಂತಿದ್ದರು. “ಕೆಟ್ಟೋಯ್ತು ಮೇಡಂ.”

“ಕೆಟ್ಟಿಲ್ಲ ಕರಿಸಿದ್ದಪ್ಪನೋರೆ,” ಎಂದೆ, ತಟ್ಟೆ ಮುಂದೆ ಮಾಡುತ್ತ. “ನಗರಸಭೆ ಕೆಲಸಕ್ಕೆ ಸೇರ್ಕೊಂಡಿದೆ.”

ಇದಾಗಿ ಎಂಟು ತಿಂಗಳಾಯಿತು. ದೀಪ, ನೀರು, ಕಸಗಳನ್ನು ಹನೀಫ್ ಸಾಹೇಬರು ವೈರು ಕತ್ತರಿಸಿ ಮೊದಲಿನಂತೆ ಕೈಯಿಂದಲೇ ನಡೆಸುತ್ತಿದ್ದಾರೆ. ಪ್ರತಿ ಸಭೆಯಲ್ಲೂ ಈಗ ಮೊದಲ ವಿಷಯ ‘ಯಂತ್ರವನ್ನು ತೆಗೆದುಹಾಕುವ ಬಗ್ಗೆ’. ಅಧ್ಯಕ್ಷರು ಓದಿ ಮುಗಿಸುವ ಮೊದಲೇ ಯಂತ್ರ ಅದನ್ನು ಮುಂದೂಡುತ್ತದೆ, ಬಾಗಿಲನ್ನೂ ತೆರೆಯುತ್ತದೆ. ಅಲ್ಲಿಗೆ ಸಭೆ ಮುಗಿಯುತ್ತದೆ. ಪಟ್ಟಿಯ ಕೊನೆಯವರೆಗೆ ಇದುವರೆಗೆ ಯಾರೂ ತಲುಪಿಲ್ಲ.

ಅಡಿಗರು ಆ ಕಾದಂಬರಿಯನ್ನು ಇನ್ನೂ ವಾಪಸ್ ಕೊಟ್ಟಿಲ್ಲ. ಅದನ್ನು ನಾನೂ ಮುಂದಿನ ಸಭೆಗೆ ಇಟ್ಟಿದ್ದೇನೆ.