ಕಾಶಿ ಅಜ್ಜಿಯ ಸಂದರ್ಶನಕ್ಕೆ ಹೋದದ್ದು

ಮೌಖಿಕ ಇತಿಹಾಸವೆಂಬ ಘನವಾದ ಶಾಸ್ತ್ರದ ಸೇವೆಗೆ ಹೋಗಿ, ಹದಿನೆಂಟು ವರ್ಷ ಕಾಪಾಡಿಕೊಂಡು ಬಂದ ಮಾನವನ್ನು ಒಂದೇ ಮಧ್ಯಾಹ್ನ ಕಳೆದುಕೊಂಡವನು ಕಾರವಾರ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

2006ರ ಮಳೆಗಾಲ ಮುಗಿದ ಮೇಲೆ ಕಾರವಾರದಲ್ಲಿ ಎರಡು ದಿನದ ಶಿಬಿರ ನಡೆಯಿತು. ಹಿರಿಯರ ನೆನಪುಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುವುದು ಹೇಗೆಂದು ಲಲಿತಾ ಮೇಡಂ ಕಲಿಸಿದರು. ಕಚೇರಿಗೆ ರಜೆ ಸಿಗುತ್ತದೆಂದು ಹೋಗಿದ್ದ ನಾನು (ಊಟವೂ ಇತ್ತು) ಇತಿಹಾಸಕಾರನಾಗಿ ಬಿಣಗಾದ ನಮ್ಮ ಮನೆಗೆ ಮರಳಿದೆ. ಕೈಯಲ್ಲಿ ಶಿಬಿರದವರು ಕೊಟ್ಟ ಟೇಪ್‌ ರೆಕಾರ್ಡರ್ ಇತ್ತು.

ನನ್ನ ಹೆಂಡತಿ ಜಯಂತಿ ಅದನ್ನೂ ನನ್ನನ್ನೂ ನೋಡಿದಳು. "ತೆಂಗಿನಕಾಯಿ ಅಂದ್ರೆ ತೊಂಡೆಕಾಯಿ ತರೂ ಮನ್ಷ ನೀವು. ಮತ್ತೊಬ್ರ ಮಾತು ನೀವೆಂತ ಕೇಳೂದು?"

ಮಹತ್ಕಾರ್ಯಗಳಿಗೆ ಇಂಥ ವಿಘ್ನಗಳು ಸಹಜವೆಂದು ಟೇಪ್‌ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದೆ.

ಯಾರ ಕತೆ ದಾಖಲಿಸಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಹಾರವಾಡದ ಕಾಶಿ ಅಜ್ಜಿ ವರ್ಷಗಳಿಂದ ನಮ್ಮ ಮನೆಗೆ ಮೀನು ತರುವವಳು. ಅವಳ ಹುಟ್ಟೂರಿನ ಜಾಗ ನೌಕಾನೆಲೆಗೆ ಹೋಗಿ, ಊರವರೆಲ್ಲ ಎದ್ದು ಬರಬೇಕಾಯಿತು. ಅಲ್ಲಿ ಯಾರ ಮನೆ ಎಲ್ಲಿತ್ತು, ಯಾರ ದೋಣಿ ಎಲ್ಲಿ ನಿಲ್ಲುತ್ತಿತ್ತು ಎಂದು ಪೂರ್ತಿ ಹೇಳಬಲ್ಲವರು ಅವಳನ್ನು ಬಿಟ್ಟರೆ ಹೆಚ್ಚು ಜನ ಉಳಿದಿರಲಿಲ್ಲ. ಅವಳಿಗೋ ಎಂಬತ್ತು ದಾಟಿತ್ತು.

ಭಾನುವಾರ ಹಾರವಾಡಕ್ಕೆ ಹೋದೆ. ಅಜ್ಜಿ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ನಾನು ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು, ತಮ್ಮ ಸಮುದಾಯದ ಸ್ಥಳಾಂತರದ ಸಾಮಾಜಿಕ ಹಿನ್ನೆಲೆಯನ್ನು ವಿವರಿಸಬೇಕೆಂದು ಕೋರಿದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು. "ಅದೆಲ್ಲ ಹೇಳುವಾ, ತಮಾ. ಮೊದ್ಲು ನೀ ಯಾರು ಅಂತ ಗೊತ್ತಾಗ್ಲಿ. ಇಷ್ಟು ವರ್ಷ ನಾ ಮಾತಾಡ್ದದ್ದೆಲ್ಲ ನಿನ್ನ ಹೆಂಡ್ತಿ ಸಂಗಡ."

ನನ್ನ ಹುಟ್ಟೂರು ಕಿನ್ನರ ಎಂದೆ. ಅಜ್ಜಿ ಮೀನು ತಿರುವುತ್ತ "ಮುಂದೆ?" ಎಂದಳು. ಅವಳು ಕೇಳುವ ರೀತಿಯೇ ಬೇರೆ. ಒಂದು ಪುಟ್ಟ ಪ್ರಶ್ನೆ ಹಾಕಿ ಸುಮ್ಮನಾಗುವಳು. ಆ ಮೌನ ತುಂಬಿಸಲು ನಾವು ನಮ್ಮ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೆಗೆದು ಹಾಕಬೇಕು. ಕ್ಯಾಸೆಟ್ಟು ಒಂದು ಬದಿ ಮುಗಿಯಿತು. ಅದನ್ನು ಮಗುಚಿ ಹಾಕಿದವಳೂ ಅಜ್ಜಿಯೇ. ಎರಡನೆಯ ಬದಿಯೂ ಮುಗಿದಾಗ ಒಂದು ಪೊಟ್ಟಣ ಒಣಸಿಗಡಿ ಕೊಟ್ಟು ಕಳಿಸಿದಳು. ಆರಂಭದಲ್ಲಿ ನನ್ನ ಮಾತು ತುಸು ಹೆಚ್ಚಾಗಿರಬಹುದು ಎಂಬ ಭಾವನೆಯಲ್ಲಿ ನಾನು ಮನೆಗೆ ಬಂದೆ.

ಮುಂದಿನ ಶನಿವಾರ ಎಲ್ಲರ ಕ್ಯಾಸೆಟ್ಟು ಕೇಳುವ ಸಭೆ. ಗಂಡನ ಪಾಂಡಿತ್ಯ ಕಣ್ಣಾರೆ ಕಾಣಲಿ ಎಂದು ಜಯಂತಿಯನ್ನೂ ಕರೆದೊಯ್ದೆ (ಬುದ್ಧಿ ಎಲ್ಲಿತ್ತೋ). ಲಲಿತಾ ಮೇಡಂ ಗುಂಡಿ ಒತ್ತಿದರು. ನನ್ನ ದನಿ ಬಂತು. ಹತ್ತು ನಿಮಿಷವಾದರೂ ನನ್ನದೇ ದನಿ. ಮೇಡಂ ಎರಡನೆಯ ಬದಿ ಹಾಕಿದರು. ಮದುವೆ ಹೇಗಾಯಿತೆಂದು ಅಜ್ಜಿ ಕೇಳಿದ್ದಳು. ನಾನು ಹೇಳಿದ್ದೆ.

ಹದಿನೆಂಟು ವರ್ಷದ ಹಿಂದೆ ನಮ್ಮ ಮದುವೆಗೆ ದಿಬ್ಬಣ ಎರಡು ತಾಸು ತಡವಾಗಿ ಅಂಕೋಲೆಯ ಹೆಣ್ಣಿನ ಮನೆ ಮುಟ್ಟಿತ್ತು. ಅಮದಳ್ಳಿಯಲ್ಲಿ ಬಸ್ಸು ಪಂಚರ್ ಆಯಿತೆಂದು ಅಂದಿನಿಂದ ಹೇಳಿಕೊಂಡು ಬಂದಿದ್ದೆ. ಅಸಲಿಗೆ, ಹೆಣ್ಣು ನೋಡಲು ಹೋದಾಗ ಜಯಂತಿ ನನ್ನನ್ನು ನೋಡಿದ ನೋಟ ಮದುವೆಯ ಬೆಳಿಗ್ಗೆ ನೆನಪಾಗಿ, ನಾನು ಬಾಸಿಂಗ ಸಮೇತ ಪಕ್ಕದ ಮನೆಯ ಹುಲಿಯಾನ ಹುಲ್ಲಿನ ಬಣವೆಯ ಹಿಂದೆ ಅಡಗಿದ್ದೆ. ಅಣ್ಣ ಸೋಮು ಕಾಲು ಹಿಡಿದು ಎಳೆದು ತಂದಿದ್ದ. ಇದಿಷ್ಟೂ ಈಗ ನಲವತ್ತು ಜನರ ಮುಂದೆ ಸ್ಪಷ್ಟವಾಗಿ ಮೊಳಗಿತು.

ಜಯಂತಿ ಮೆಲ್ಲಗೆ ನನ್ನತ್ತ ತಿರುಗಿದಳು. ಅದೇ ನೋಟ.

ಮೇಡಂ ಮಾತ್ರ ಪರವಶರಾಗಿದ್ದರು. ಶಿಬಿರಕ್ಕೆ ಬಂದ ಸಂದರ್ಶನಗಳಲ್ಲೆಲ್ಲ ಇದೇ ಶ್ರೇಷ್ಠವೆಂದರು. ನನ್ನ ಎದೆ ಉಬ್ಬುವಷ್ಟರಲ್ಲಿ, ಪ್ರಶ್ನೆ ಕೇಳಿದ ಆ ಹೆಂಗಸು ಯಾರು, ಮುಂದಿನ ಶಿಬಿರದಲ್ಲಿ ಪಾಠ ಮಾಡಲು ಬರುವರೇ ಎಂದು ವಿಚಾರಿಸಿದರು.

ಬಸ್ಸಿನಲ್ಲಿ ಜಯಂತಿ ಒಂದೇ ಮಾತಾಡಿದಳು. "ಪಂಚರ್ ಆದದ್ದು ಬಸ್ಸಲ್ಲ."

ಮರುದಿನ ಕಾಶಿ ಅಜ್ಜಿ ಬಂಗಡೆ ತಂದಾಗ ಜಯಂತಿ ಅವಳನ್ನು ಜಗಲಿಯಲ್ಲಿ ಕೂರಿಸಿ, ತಾನೇ ಟೇಪ್‌ ರೆಕಾರ್ಡರ್ ಹಚ್ಚಿ, ಮೀನನ್ನೂ ಕತ್ತಿಯನ್ನೂ ನನ್ನ ಮುಂದಿಟ್ಟಳು. ಹಿತ್ತಲಲ್ಲಿ ಮೀನು ಹಸನು ಮಾಡುತ್ತ ನಾನು ಕಿವಿಗೊಟ್ಟೆ. ಊರು ಬಿಡುವ ದಿನ ಹೆಂಗಸರೆಲ್ಲ ಹಳೆಯ ಬಾವಿಯಿಂದ ಒಂದೊಂದು ಕೊಡ ನೀರು ತುಂಬಿಕೊಂಡರಂತೆ. ದಾರಿಯುದ್ದಕ್ಕೂ ತುಳುಕದಂತೆ ಹಿಡಿದು ತಂದು, ಹೊಸ ಬಾವಿಗೆ ಸುರಿದು, ಆಮೇಲೆ ಒಲೆ ಹಚ್ಚಿದರಂತೆ. ಜಯಂತಿ ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ "ಮುಂದೆ?" ಎಂದಳು. ನನಗೂ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಕೈತುಂಬ ಮೀನಿನ ಹುರುಪೆ.

ಮೇಡಂ ಕರೆದದ್ದನ್ನು ಜಯಂತಿ ಮೊದಲೇ ತಿಳಿಸಿದ್ದಳು; ಹೊರಡುವಾಗ ಅಜ್ಜಿ ಆ ಶಿಬಿರದ ವಿಷಯ ತೆಗೆದಳು. ಪಾಠಕ್ಕೆ ಬರಲು ತನ್ನದೇನೂ ಅಡ್ಡಿಯಿಲ್ಲ, ಆದರೆ ಮಾತಾಡಿಸಿ ತೋರಿಸಲು ಎದುರಿಗೊಬ್ಬ ಮನುಷ್ಯ ಬೇಕೆಂದಳು.

"ಇವ್ರನ್ನ ಕರಕೊಂಡು ಬತ್ತೆ ಅಜ್ಜಿ," ಎಂದಳು ಜಯಂತಿ, ಬಹಳ ಶಾಂತವಾಗಿ. "ಮದ್ವೆ ಆದ್ಮೇಲಿಂದು ಇನ್ನೂ ಶುರುವೇ ಆಗ್ಲಿಲ್ಲ."

ತೊಂಬತ್ತು ನಿಮಿಷದ ನಾಲ್ಕು ಕ್ಯಾಸೆಟ್ಟು ತಂದಿಟ್ಟಿದ್ದಾಳೆ.