ಜಗಲಿ ಮೇಲಿನ ಪಂಪು

ತನ್ನ ಗಂಡನ ಗಾಡಿಗೆ ಡುಪ್ಲಿಕೇಟ್ ಸಾಮಾನು ಹಾಕಿಸುವುದಿಲ್ಲ ಎಂದು ಸಕ್ಕುಬಾಯಿ ಬೇಡಕಿಹಾಳದ ತನ್ನ ಅಂಗಳದಲ್ಲಿ ನಿಂತು ಸಾರಿದಾಗ, ಕಟ್ಟಿದ್ದ ಎಮ್ಮೆ ಕೂಡ ಮೆಲುಕು ನಿಲ್ಲಿಸಿ ಕೇಳಿತು.

ಅಂತಿಂಥ ಗಾಡಿಯಲ್ಲ ಅದು. ನಿಪ್ಪಾಣಿಯ ತಂಬಾಕಿನ ಸಾಹುಕಾರನೊಬ್ಬ ಒಂದು ಕಾಲದಲ್ಲಿ ಜರ್ಮನಿಯಿಂದ ತರಿಸಿದ್ದ ಡೀಸೆಲ್ ಕಾರು. ಆಗಷ್ಟೇ ಊರೂರಿಗೆ ಬರತೊಡಗಿದ್ದ ಮಾರುತಿ ಕಾರು ಅದರ ಮಗ್ಗುಲಿಗೆ ನಿಂತರೆ ಎಮ್ಮೆಯ ಮಗ್ಗುಲಿಗೆ ಆಡಿನ ಮರಿ ನಿಂತಂತೆ. ಸಾಹುಕಾರ ಬೇಡವೆಂದ ಮೇಲೆ ಸಕ್ಕುಬಾಯಿಯ ಗಂಡ ಸಿದರಾಯ ಅದನ್ನು ಕೊಂಡು ತಂದ. ಸುತ್ತಿನ ಊರುಗಳ ಮದುಮಕ್ಕಳನ್ನೆಲ್ಲ ಅದರಲ್ಲೇ ಮೆರೆಸಿದ. ಅದರಲ್ಲಿ ಹೋದ ಮದುಮಗ ಒಬ್ಬನೂ ಅಕ್ಕಿಕಾಳು ಬೀಳುವ ಮುಹೂರ್ತ ತಪ್ಪಿಸಿಕೊಂಡಿರಲಿಲ್ಲ.

ಹೋದ ವರ್ಷ ಅದರ ಪಂಪು ಕೆಟ್ಟಿತು. ಇಂಜಿನ್ನಿಗೆ ಡೀಸೆಲ್ಲನ್ನು ಅಳೆದು ಅಳೆದು ಚಿಮ್ಮಿಸುವ ಪಂಪು. ಸಿದರಾಯ ಅದನ್ನು ಕೊಲ್ಲಾಪುರಕ್ಕೆ ಒಯ್ದು ರಿಪೇರಿ ಮಾಡಿಸಿದ. ತನ್ನ ರುಮಾಲಿನಲ್ಲಿ ಸುತ್ತಿ ತಂದು ಹೆಂಡತಿಯ ಕೈಗೆ ಕೊಟ್ಟ. ನಾಳೆ ಕೂರಿಸುತ್ತೇನೆ, ಜೋಪಾನ ಎಂದ. ನಾಳೆ ಬಂತು. ಸಿದರಾಯ ಏಳಲಿಲ್ಲ.

ಸಕ್ಕುಬಾಯಿ ಜೋಪಾನ ಮಾಡಿದಳು. ಎಲ್ಲಿ? ದೇವರ ಜಗಲಿಯ ಮೇಲೆ, ಮನೆದೇವಿ ಮಾಯಕ್ಕನ ಪಕ್ಕದಲ್ಲಿ. ಅಮಾವಾಸ್ಯೆ ಬಂದಾಗೆಲ್ಲ ಅದಕ್ಕೆ ಹಾಲೆರೆದಳು, ಎಣ್ಣೆ ಹಚ್ಚಿದಳು, ಮೇಲೆ ಅರಿಷಿಣದ ಭಂಡಾರ ತೂರಿದಳು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಕಾಯಿ ಒಡೆದು ನೀರು ಬಿಟ್ಟಳು. ಅವನ ಕೈ ಕೊನೆಗೆ ಮುಟ್ಟಿದ್ದು ಅದನ್ನೇ. ಮತ್ತೇನು ಮಾಡಬೇಕಿತ್ತು?

ಪಂಪಿಲ್ಲದ ಗಾಡಿ ದನದ ಕೊಟ್ಟಿಗೆಯಲ್ಲಿ ನಿಂತಿತು. ಮೈದುನ ಮಲಕಾರಿಗೆ ಅದರ ಮೇಲೆ ಕಣ್ಣು. ಇಂಜಿನ್ ಕಿತ್ತು ನೀರೆತ್ತಲು ಹೊಳೆಗೆ ಇಟ್ಟರೆ ಕಬ್ಬಿಗೆ ನೀರಾಗುತ್ತದೆ, ಉಳಿದದ್ದು ಗುಜರಿಗೆ ಹೋಗಲಿ ಎಂಬುದು ಅವನ ಲೆಕ್ಕ. ಅಷ್ಟರಲ್ಲಿ ಓಣಿಯ ಅಕ್ಕುತಾಯಿ ಬಂದಳು. ಮಗ ಜ್ಞಾನದೇವನ ಮದುವೆ ಐನಾಪುರದಲ್ಲಿ, ಅವನು ಸಿದರಾಯಣ್ಣನ ಗಾಡಿಯಲ್ಲೇ ಹೋಗಬೇಕು ಎಂದು ಹಟ ಹಿಡಿದಳು. ಮಲಕಾರಿ ಆಗ ಕರಾರು ಹಾಕಿದ.

“ವೈನಿ, ಗಾಡಿ ಹೊತ್ತಿಗೆ ಐನಾಪುರ ಮುಟ್ಟಿದ್ರ ನಿಮ್ಮದು. ಮುಟ್ಟಲಿಲ್ಲಂದ್ರ ಹೊಳಿಗೆ ಹೋತು.”

ಸಕ್ಕುಬಾಯಿ ಒಪ್ಪಿದಳು.

ನಿಪ್ಪಾಣಿಯಿಂದ ಮಿಸ್ತ್ರಿ ಮೌಲಾಲಿ ಬಂದ. ಸಿದರಾಯನಿದ್ದಾಗಿನಿಂದ ಗಾಡಿಗೆ ಕೈ ಹಚ್ಚಿದವನು. ಬರುವಾಗ ಕೊಲ್ಲಾಪುರದಲ್ಲೇ ಮಾಡಿದ ಹೊಸ ಪಂಪೊಂದನ್ನು ತಂದಿದ್ದ. ಕಂಪನಿಯದಲ್ಲ, ಆದರೆ ಕೆಲಸಕ್ಕೆ ಮೋಸವಿಲ್ಲ, ಇದನ್ನೇ ಕೂರಿಸೋಣ ಎಂದ. ಸಕ್ಕುಬಾಯಿ ಅಂಗಳಕ್ಕೆ ಬಂದು ಮೇಲೆ ಹೇಳಿದಂತೆ ಸಾರಿದ್ದು ಆಗಲೇ. ಹಾಗಾದರೆ ಹಳೆಯದನ್ನು ಒಮ್ಮೆ ಬಿಚ್ಚಿ ನೋಡಿಯಾದರೂ ಕೂರಿಸುತ್ತೇನೆ ಎಂದು ಅವನು ಕೇಳಿಕೊಂಡ.

“ಅವರು ಮುಚ್ಚಿಸಿ ತಂದದ್ದನ್ನ ನೀ ಬಿಚ್ಚಬ್ಯಾಡ ಮೌಲಾ. ಒರಿಜಿನಲ್ ಐತಿ ಅದು.”

ಮೌಲಾಲಿ ಮೇಲಿನ ಭಂಡಾರ ಒರೆಸಿದ, ಕೂರಿಸಿದ. ಗಾಡಿ ಒಂದೇ ಕೀಲಿಗೆ ಗುಡುಗಿತು. ಸಕ್ಕುಬಾಯಿ ಮಲಕಾರಿಯ ಕಡೆ ನೋಡಿದ ನೋಟಕ್ಕೆ ಅವನು ಎಮ್ಮೆಯ ಹಗ್ಗ ಸರಿಮಾಡುವ ನೆವದಲ್ಲಿ ತಿರುಗಿ ನಿಂತ.

ಮದುವೆಯ ದಿನ ಮೌಲಾಲಿಯೇ ಗಾಡಿ ನಡೆಸಿದ. ಗಂಡ ಸತ್ತವಳು ಮದುಮಗನ ಗಾಡಿಯಲ್ಲಿ ಕೂರಬಾರದು ಎಂದು ಯಾರೋ ಗೊಣಗಿದರು. ಅಕ್ಕುತಾಯಿಯೂ ಗಂಡನನ್ನು ಕಳಕೊಂಡವಳೇ. “ಹಂಗಾರ ನಾನೂ ಇಳೀಲೇನು?” ಎಂದಳು. ಸಕ್ಕುಬಾಯಿ ಮುಂದೆ ಕುಳಿತಳು. ಬಾಸಿಂಗದ ಜ್ಞಾನದೇವ ತಾಯಿಯ ಜೊತೆ ಹಿಂದೆ ಕುಳಿತ.

ಐನಾಪುರ ಇನ್ನೇನು ಕಾಣಬೇಕು, ಒಂದು ಏರು ಬಂತು. ಮೌಲಾಲಿ ಎಕ್ಸಲರೇಟರ್ ತುಳಿದ. ಗಾಡಿ ಹುರುಪಿನಿಂದ ಏರಿತು. ಅವನು ಕಾಲು ತೆಗೆದ. ಗಾಡಿಯ ಹುರುಪು ಇಳಿಯಲಿಲ್ಲ.

ಕಬ್ಬಿನ ಬಂಡಿಯೊಂದನ್ನು ಕೂದಲೆಳೆಯಲ್ಲಿ ದಾಟಿದರು. ಕೀಲಿ ತಿರುವಿದರೆ ನಿಲ್ಲುವ ಇಂಜಿನ್ ಅಲ್ಲ ಅದು; ನಿಲ್ಲಿಸಲೆಂದೇ ಇದ್ದ ಗುಂಡಿಯಂಥ ಗುಬ್ಬಿಯನ್ನು ಮೌಲಾಲಿ ಜಗ್ಗಿದ. ಗುಬ್ಬಿ ತಂತಿಯ ಸಮೇತ ಕೈಗೆ ಬಂತು. ಅವನು ಅದನ್ನು ಸುಮ್ಮನೆ ಸಕ್ಕುಬಾಯಿಯ ಉಡಿಯಲ್ಲಿ ಇಟ್ಟ. ಪಂಪು ಒಳಗೆ ಹಿಡಿದುಕೊಂಡಿದೆ, ಡೀಸೆಲ್ ಪೂರಾ ಬಿಡುತ್ತಿದೆ ಎಂದ. ಬ್ರೇಕು ತುಳಿದರೆ ಗಾಡಿ ಹಲ್ಲು ಕಡಿಯುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಗೇರು ತಪ್ಪಿಸಿ ಬಿಟ್ಟರೆ ಇಂಜಿನ್ ಒಡೆದು ಮುಖದ ಮೇಲೆ ಬರುತ್ತದೆ. ಇಂಜಿನ್ ಗಾಡಿಯನ್ನು ಎಳೆಯುತ್ತ ಇರುವಷ್ಟು ಹೊತ್ತು ಮಾತ್ರ ಜೀವಕ್ಕೆ ಧಕ್ಕೆಯಿಲ್ಲ.

ಸಣ್ಣ ಗೇರಿನಲ್ಲಿ ಚೀರಿಕೊಳ್ಳುತ್ತ, ಕರೀ ಹೊಗೆ ಉಗುಳುತ್ತ, ಮದುಮಗನ ಗಾಡಿ ಐನಾಪುರದ ಹಂದರಕ್ಕೆ ಬಂತು. ಬಾಜಾದವರು ಬಾರಿಸಿದರು. ಆರತಿಯವರು ಮುಂದೆ ಬಂದರು, ಹಾಗೇ ಹಿಂದೆ ಹಾರಿದರು. ಗಾಡಿ ನಿಲ್ಲಲಿಲ್ಲ. ಹಂದರವನ್ನು ಒಂದು ಸುತ್ತು ಹಾಕಿತು.

ನಮ್ಮ ಕಡೆ ಒಂದು ರೂಢಿಯುಂಟು. ಮದುಮಗ ಗಾಡಿಯಲ್ಲೇ ಮುನಿಸಿಕೊಂಡು ಕೂರುತ್ತಾನೆ. ಬೀಗರು ಏನಾದರೂ ಕೊಡುತ್ತೇವೆಂದ ಮೇಲೆ ಇಳಿಯುತ್ತಾನೆ. ಹೆಣ್ಣಿನ ತಂದೆ ಬಾಳಾಸಾಬ ಹಾಗೇ ತಿಳಿದ. ನಗುತ್ತ ಬಂದು ಕೈಗಡಿಯಾರ ಎತ್ತಿ ತೋರಿಸಿದ. ಜ್ಞಾನದೇವ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೇಡ ಬೇಡ ಎಂದು ಎರಡೂ ಕೈ ಆಡಿಸಿದ. ಗಾಡಿ ನಿಲ್ಲುತ್ತಿಲ್ಲ ಎಂದು ಕೂಗಿದ. ಇಂಜಿನ್ನಿನ ಚೀರಾಟದಲ್ಲಿ ಕೂಗು ಕೇಳಲಿಲ್ಲ. ಬೇಡ ಎಂದದ್ದು ಮಾತ್ರ ಎಲ್ಲರಿಗೂ ಕಾಣಿಸಿತು.

ಮತ್ತೊಂದು ಸುತ್ತಿಗೆ ಉಂಗುರ. ಜ್ಞಾನದೇವ ಇನ್ನೂ ಜೋರಾಗಿ ಕೈ ಆಡಿಸಿದ. ಅದರ ಮುಂದಿನ ಸುತ್ತಿಗೆ ಬಾಳಾಸಾಬ ನಗುವುದನ್ನು ಬಿಟ್ಟಿದ್ದ. ತನ್ನ ಮೋಟಾರ್‌ಸೈಕಲ್ಲಿನ ಕಡೆ ಬೆರಳು ಮಾಡಿ, ಕೈ ಮುಗಿದು ನಿಂತಿದ್ದ. ಜ್ಞಾನದೇವ ಅಳುಮೋರೆ ಮಾಡಿ ತಲೆ ಅಲ್ಲಾಡಿಸಿದ. ಬಾಸಿಂಗ ಕಳಚಿ ಬಿತ್ತು.

ಅದರ ಮುಂದಿನ ಸುತ್ತಿನಲ್ಲಿ ಸಕ್ಕುಬಾಯಿ ನೋಡಿದಳು. ಬಾಳಾಸಾಬ ಮುಗಿದ ಕೈ ಬಿಟ್ಟಿದ್ದ. ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಎಂದು ಹೆಂಗಸರಿಗೆ ಸನ್ನೆ ಮಾಡುತ್ತಿದ್ದ. ಹೆಣ್ಣಿನ ಸೋದರಮಾವಂದಿರು ಬಡಿಯಲೆಂದು ಹಂದರದ ಗಳ ಕೀಳುತ್ತಿದ್ದರು. ಹಿಂದೆ ಅಕ್ಕುತಾಯಿ ಮಾಯಕ್ಕನನ್ನು ಕರೆಯುತ್ತಿದ್ದಳು.

ಹಂದರದ ಹಿಂದೆ ಮನೆಯೆತ್ತರದ ತಿಪ್ಪೆ ಇತ್ತು. ಸಕ್ಕುಬಾಯಿ ತಿಪ್ಪೆ ನೋಡಿದಳು. ಗಂಡ ದಿನಾ ಒರೆಸುತ್ತಿದ್ದ ಬಾನೆಟ್ಟು ನೋಡಿದಳು.

“ಮೌಲಾ, ತಿಪ್ಪಿಗೆ ಹೊಡಿ.”

“ಮದಿಮಗ ಅದಾನ್ರಿ ಅಕ್ಕಾರ.”

“ಮದಿಮಗನ್ನ ತೊಳಿಯಾಕ ಬರತೈತಿ. ಮುರದ ಮದುವಿ ತೊಳಿಯಾಕ ಬರಂಗಿಲ್ಲ. ಹೊಡಿ.”

ಮೌಲಾಲಿ ದೊಡ್ಡ ಗೇರು ಹಾಕಿ ಹೊಡೆದ. ಜರ್ಮನಿಯ ಗಾಡಿ ಬಾನೆಟ್ಟಿನ ತನಕ ಐನಾಪುರದ ಸಗಣಿಯಲ್ಲಿ ಹೊಕ್ಕಿತು. ಎರಡು ಸಲ ಕೆಮ್ಮಿತು. ಸತ್ತಿತು. ಬಾಜಾದವರೂ ನಿಲ್ಲಿಸಿದರು.

ಗಳ ಹಿಡಿದವರು ಬಂದು ಸುತ್ತುಗಟ್ಟಿದರು. ಗಂಡ ಹೋದ ಮೇಲೆ ಸಕ್ಕುಬಾಯಿ ಮನೆಯಾಚೆ ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ. ಈಗ ಮೊಣಕಾಲಿನ ತನಕ ಸಗಣಿಯಲ್ಲಿ ನಿಂತು ಮಾತಾಡಿದಳು. ಹುಡುಗ ಮುನಿದಿಲ್ಲ, ಗಾಡಿ ನಿಲ್ಲಲಿಲ್ಲ, ತಪ್ಪು ನನ್ನದು ಎಂದಳು. ಬಾಳಾಸಾಬ ನಂಬಲಿಲ್ಲ. ಇಂಥ ಕತೆ ಕೇಳಿಲ್ಲವೆಂದ.

“ಮೌಲಾ, ಬಿಚ್ಚು,” ಎಂದಳು ಸಕ್ಕುಬಾಯಿ.

ಮೌಲಾಲಿ ಸಗಣಿ ಬಾಚಿ, ಬಾನೆಟ್ಟೆತ್ತಿ, ಪಂಪಿನ ಮುಚ್ಚಳ ಬಿಚ್ಚಿದ. ಎಲ್ಲರೂ ಬಗ್ಗಿದರು. ಒಳಗೆ ಕಬ್ಬಿಣ ಕಾಣಲೇ ಇಲ್ಲ. ಪೈಪು ಕೂರುವ ತೂತುಗಳಿಂದ ಒಳಗಿಳಿದ ವರ್ಷದ ಭಂಡಾರ, ಹಾಲು, ಎಣ್ಣೆ, ಕಾಯಿನೀರು ಸೇರಿ ಒಣಗಿ ಹಳದಿ ಹಿಟ್ಟಿನಂತೆ ಹಲ್ಲು ಹಲ್ಲಿಗೂ ಮೆತ್ತಿಕೊಂಡಿತ್ತು. ಬಾಳಾಸಾಬ ಬೆರಳಿಟ್ಟು ಮೂಸಿದ. ಬಹಳ ಹೊತ್ತು ಮೂಸಿದ.

“ನಮ್ಮ ಹುಡಿಗಿಗೂ ಇಷ್ಟ ಅರಿಷಿಣ ಹಚ್ಚಿಲ್ಲಲ್ರಿ,” ಎಂದ. ಆಮೇಲೆ, ಗಾಡಿಯಿಂದ ಇಳಿಯುವಾಗ ಜಾರಿ ಬಿದ್ದು ಸಗಣಿಯಿಂದ ಮೇಲೇಳುತ್ತಿದ್ದ ಜ್ಞಾನದೇವನ ಕಡೆ ತಿರುಗಿದ. “ಮೋಟಾರ್‌ಸೈಕಲ್ ಅಂದ್ರೂ ಇಳೀಲಿಲ್ಲ, ತಿಪ್ಪಿಗೆ ಇಳದ ನೋಡ್ರಿ ಅಳಿಯ. ತಿಪ್ಪಿ ಬೇಕಂತ ಮದಲ ಹೇಳಿದ್ರ ಒಂದ್ಯಾಕ, ನಾಕು ಕೊಡತಿದ್ದೆ.”

ಗಳ ಹಿಡಿದವರೇ ಮೊದಲು ನಕ್ಕರು. ಮದುಮಗನನ್ನು ಬಾವಿಗೆ ಒಯ್ದು ತೊಳೆದರು. ಅಕ್ಕಿಕಾಳು ಹೊತ್ತಿಗೇ ಬಿದ್ದವು.

ಊರಿಗೆ ಮರಳಿದ ಮೇಲೆ ಮಲಕಾರಿ ಕರಾರಿನ ಮಾತೆತ್ತಿ ಏನೋ ಹೇಳಹೋದ. ನೀನು ಅಂದದ್ದು ಗಾಡಿ ಹೊತ್ತಿಗೆ ಮುಟ್ಟಬೇಕು ಅಂತ, ನಿಲ್ಲಬೇಕು ಅಂತಲ್ಲ ಎಂದು ಸಕ್ಕುಬಾಯಿ ಅವನ ಬಾಯಿ ಕಟ್ಟಿದಳು. ಗಾಡಿ ಉಳಿಯಿತು.

ಡುಪ್ಲಿಕೇಟ್ ಪಂಪು ಕೂರಿಸು ಎಂದು ಅವಳೇ ಹೇಳಿದಳು. ಒರಿಜಿನಲ್ ಮತ್ತೆ ಜಗಲಿ ಏರಿತು. ಸಿದರಾಯ ಅದನ್ನು ಸುತ್ತಿ ತಂದಿದ್ದ ರುಮಾಲಿಗೆ ಮಾತ್ರ ಅರಿಷಿಣ ತಾಕಿರಲಿಲ್ಲ. ಅದು ಅವಳ ತಲೆದಿಂಬಿನಲ್ಲಿತ್ತು.

ಮುಂದಿನ ಖಂಡೇಪೂಜೆಗೆ ಸಕ್ಕುಬಾಯಿ ಭಂಡಾರದ ತಟ್ಟೆ, ಹಾಲು, ಕಾಯಿ ಹಿಡಿದು ಗಾಡಿಯ ಹತ್ತಿರ ಬಂದಳು. ನೋಡುತ್ತಾಳೆ, ನಿಪ್ಪಾಣಿಯಿಂದ ಕರೆಯದೇ ಬಂದಿದ್ದ ಮೌಲಾಲಿ ಎರಡೂ ಕೈ ಚಾಚಿ ಬಾನೆಟ್ಟಿನ ಮೇಲೆ ಬೋರಲು ಮಲಗಿದ್ದಾನೆ.

“ಟಾಯರಿಗೆ ಹಚ್ಚರಿ ಅಕ್ಕಾರ,” ಎಂದ. “ಇಲ್ಲಾ, ನನಗ ಹಚ್ಚರಿ.”