ಗೋಡೆಗೆ ಬಣ್ಣ ಬಳಿಸಿದ ಜಾಣ

ಒಳ್ಳೆಯ ಆಲೋಚನೆಗಳು ನನಗೆ ಹೊಳೆಯುವುದು ಬಚ್ಚಲುಮನೆಯಲ್ಲಿ ಮಾತ್ರ. ಟವೆಲ್ ಸುತ್ತಿಕೊಂಡು ಹೊರಬರುವಷ್ಟರಲ್ಲಿ ಅವೂ ಆರಿಹೋಗಿರುತ್ತವೆ. ನನ್ನ ಹೆಂಡತಿಗೆ ಇದು ಮದುವೆಯಾದ ವಾರದಲ್ಲೇ ಗೊತ್ತಾಯಿತು. ಪೀಣ್ಯದ ನಮ್ಮ ಕಾರ್ಖಾನೆಯ ಓನರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಅವರು ಯಾವುದೋ ಸೆಮಿನಾರಿಗೆ ಹೋಗಿಬಂದವರೇ ಆಡಳಿತ ವಿಭಾಗದ ಮುಖ್ಯಸ್ಥನಾದ ನನ್ನನ್ನು ಕರೆದರು. ಆ ವಿಭಾಗದಲ್ಲಿರುವವನು ನಾನೊಬ್ಬನೇ, ಆದ್ದರಿಂದ ಮುಖ್ಯಸ್ಥನೂ ನಾನೇ. "ನೋಡ್ರೀ, ಗೋಡೆ ಡಲ್ಲಾಗಿದ್ರೆ ತಲೆನೂ ಡಲ್ಲಾಗುತ್ತಂತೆ. ವರ್ಕರ್ಸ್‌ಗೆ ಹೊಸ ಹೊಸ ಐಡಿಯಾ ಬರ್ಬೇಕು. ಶೆಡ್ಡನ್ನ ಪೂರ್ತಿ ಚೇಂಜ್ ಮಾಡ್ಬಿಡಿ" ಎಂದರು.

ಕಿಟಕಿಗೆ ಪರದೆ ತರಲು ಹೋಗಿ ಮಂಚದ ಹೊದಿಕೆ ತಂದವನು ನಾನು. ಆದರೂ ಅಧಿಕಾರ ಸಿಕ್ಕರೆ ಯಾರಿಗೆ ಹುಮ್ಮಸ್ಸು ಬರುವುದಿಲ್ಲ? ಮನಿಪ್ಲಾಂಟ್ ತರಿಸಿದೆ, ವಾರದೊಳಗೆ ಅದರ ಮೇಲೆ ಕಬ್ಬಿಣದ ಪುಡಿ ಕೂತು ಗಿಡವೂ ನಮ್ಮ ಕಾರ್ಖಾನೆಯಲ್ಲೇ ತಯಾರಾದಂತೆ ಕಾಣತೊಡಗಿತು. ರಜೆ ನೋಡಿಕೊಂಡು ಒಂದು ಭಾನುವಾರ ಗೋಡೆಗಳಿಗೆಲ್ಲ ಆಕಾಶನೀಲಿ ಬಳಿಸಿದೆ. ಕಬ್ಬಿಣದ ಬಿಡಿಭಾಗ ಒತ್ತುವ ಪ್ರೆಸ್ ಮಿಷಿನ್ ಹಿಂದಿನ ಗೋಡೆ ಎಲ್ಲಕ್ಕಿಂತ ಕೊಳಕಾಗಿತ್ತು. ಎಣ್ಣೆ ಕೈಯ ಗುರುತು, ಸೀಮೆಸುಣ್ಣದ ಗೀಟು, ಪೆನ್ಸಿಲ್ಲಿನ ಅಂಕಿಗಳು. ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿಸಿ, ಬಣ್ಣದ ಮೇಲೆ ಉರಿಯುವ ಬಲ್ಬಿನ ದೊಡ್ಡ ಚಿತ್ರ ಬರೆಸಿದೆ.

ಸೋಮವಾರ ಬೆಳಿಗ್ಗೆ ಪ್ರೆಸ್ ನೋಡಿಕೊಳ್ಳುವ ಸಿದ್ದಲಿಂಗಣ್ಣ ಆ ಬಲ್ಬಿನ ಮುಂದೆ ನಿಂತುಬಿಟ್ಟಿದ್ದರು. "ಸಾರ್, ಇಲ್ಲಿ ಬರ್ಕೊಂಡಿದ್ನಲ್ಲಾ?" ಎಂದರು. ಯಾವ ಅಚ್ಚಿನ ಕೆಳಗೆ ಎಷ್ಟು ದಪ್ಪದ ತಗಡು ಇಡಬೇಕು, ಮಿಷಿನ್ ಎಲ್ಲಿ ಹಟ ಮಾಡುತ್ತದೆ, ಹೇಗೆ ಒಲಿಸಬೇಕು, ಇಪ್ಪತ್ತಾರು ವರ್ಷ ಅವರೇ ಕಂಡುಕೊಂಡ ಉಪಾಯಗಳೆಲ್ಲ ಅಲ್ಲಿದ್ದವು.

"ಒಂದು ಪುಸ್ತಕದಲ್ಲಿ ಬರ್ಕೊಬಾರ್ದಿತ್ತಾ ಸಿದ್ದಲಿಂಗಣ್ಣ?" ಎಂದು ಕೇಳಿದೆ. ತಪ್ಪು ಮಾಡಿದವನಿಗೆ ಬುದ್ಧಿವಾದ ಬೇಗ ನೆನಪಾಗುತ್ತದೆ.

"ಎಣ್ಣೆ ಕೈ ಸಾರ್, ಪುಸ್ತಕ ಎಲ್ ಮುಟ್ಟಾಣ? ಗೋಡೆ ಎಲ್ಲೂ ಓಗಲ್ಲ ಅಂದ್ಕಂಡಿದ್ದೆ."

ಆ ಅಂಕಿಗಳಿಲ್ಲದೆ ಅವರಿಗೆ ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯತೊಡಗಿತು. ಮಾಲು ಕೆಟ್ಟು ವಾಪಸ್ ಬಂತು. ಓನರ್ ತಲೆಯಾಡಿಸಿದರು: "ವಯಸ್ಸಾಯ್ತು ಕಣ್ರೀ ಅವ್ರಿಗೆ. ಇಂಥ ವಾತಾವರಣದಲ್ಲೂ ತಲೆ ಓಡ್ತಿಲ್ಲ ಅಂದ್ರೆ ಏನ್ ಮಾಡೋಕಾಗುತ್ತೆ? ಕಳಿಸ್ಬಿಡಿ." ವಯಸ್ಸಲ್ಲ ಸಾರ್, ಬಣ್ಣ ಎನ್ನಬೇಕಿತ್ತು. ಆಗಲಿ ಸಾರ್ ಎಂದೆ. ನನಗೂ ವಯಸ್ಸಾಗಿದೆ, ಕಳಿಸಬೇಕಾದವರ ಪಟ್ಟಿಯಲ್ಲಿ ಇನ್ನೊಂದು ಹೆಸರಿಗೆ ಜಾಗ ಯಾವಾಗಲೂ ಇರುತ್ತದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಮನುಷ್ಯನನ್ನು ಕೆಲಸದಿಂದ ತೆಗೆಯುವ ಪತ್ರವನ್ನು ನಾನೇ ಟೈಪ್ ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ. ನಾಚಿಕೆಗೆಟ್ಟ ಕೈ.

ಕೊನೆಯ ದಿನ ಸಿದ್ದಲಿಂಗಣ್ಣ ಊಟದ ಡಬ್ಬಿ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀವು ಓನರ್ ತಾವ ಏಳಿರ್ತೀರ ಸಾರ್, ನಂಗೊತ್ತು. ಅವ್ರು ಕೇಳಿರಾಕಿಲ್ಲ. ಬುಡಿ, ಬೇಜಾರ್ ಮಾಡ್ಕಬ್ಯಾಡಿ."

"ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಸಿದ್ದಲಿಂಗಣ್ಣ" ಎಂದೆ.

ಆ ನೀಲಿ ಗೋಡೆಗಳ ನಡುವೆ ಯಾರಿಗಾದರೂ ಥಟ್ಟನೆ ಒಂದು ಹೊಸ ಆಲೋಚನೆ ಹೊಳೆದಿದ್ದರೆ, ಇದುವರೆಗೆ ನನ್ನ ಆ ಮಾತೊಂದೇ.